ನೆಲದಡಿಯ ಕಾಲುವೆ ಕನಾತ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರಿನ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗದ ಬಗ್ಗೆ ಓದಿದವರು, ಅಲ್ಲಿಗೆ ಹೋಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇದು ಯಾರ ವಿದ್ಯೆ, ಹೇಗೆ ತೋಡಿದರು, ಈಗಲೂ ನೀರು ಬರುತ್ತಾ, ಉಳಿಸುವುದು ಹೇಗೆ. ಇವಕ್ಕೆ ಉತ್ತರ ಬೇಕೆಂದರೆ ಬೀದರ್ ಸಾಲದು, ಇರಾನಿಗೆ ಹೋಗಬೇಕು. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಇರಾನಿನ ಕನಾತ್‌ಗಳ ಬಗ್ಗೆ. ನಮ್ಮ ಕಡೆಯ ವಿಷಯ ನಿಜವಾದ ನಂಟು ಇರುವಲ್ಲಿ ಬರುತ್ತದೆ.

ಕನಾತ್ ಅಂದರೆ ಏನು?

ಬೆಟ್ಟದ ತಪ್ಪಲಲ್ಲಿ ಆಳದಲ್ಲಿರುವ ಅಂತರ್ಜಲವನ್ನು ದೂರದ ಊರಿಗೆ ತಾನಾಗಿಯೇ ಹರಿದು ಬರುವಂತೆ ಮಾಡುವ ಸುರಂಗ. ಪಂಪು ಬೇಡ, ಏತ ಬೇಡ, ಎತ್ತು ಬೇಡ. ತಪ್ಪಲಲ್ಲಿ ಒಂದು ಆಳವಾದ ಬಾವಿ ಇರುತ್ತದೆ. ಅದು ತಾಯಿಬಾವಿ. ಅದರ ತಳದಿಂದ ಸ್ವಲ್ಪವೇ ಇಳಿಜಾರಾಗಿ ಒಂದು ಸುರಂಗ ಊರಿನ ಕಡೆ ಬರುತ್ತದೆ. ಮೇಲಿನ ನೆಲ ಸುರಂಗಕ್ಕಿಂತ ಬೇಗ ತಗ್ಗುತ್ತಾ ಹೋಗುವುದರಿಂದ ಕೊನೆಗೊಂದು ಕಡೆ ಎರಡೂ ಸೇರುತ್ತವೆ. ಅಲ್ಲಿ ನೀರು ಬಯಲಿಗೆ ಬರುತ್ತದೆ. ಅದು ಕನಾತಿನ ಬಾಯಿ.

ಸುರಂಗದ ಉದ್ದಕ್ಕೂ ಅಲ್ಲಲ್ಲಿ ನೆಟ್ಟಗೆ ಇಳಿಯುವ ಗಾಳಿಬಾವಿಗಳಿವೆ. ತೋಡುವಾಗ ಮಣ್ಣು ಮೇಲೆತ್ತಲು, ಒಳಗಿದ್ದವರಿಗೆ ಉಸಿರಾಡಲು, ಆಮೇಲೆ ಹೂಳು ತೆಗೆಯಲು ಇವೇ ದಾರಿ. ಅಗೆದ ಮಣ್ಣನ್ನು ಪ್ರತಿ ಗಾಳಿಬಾವಿಯ ಬಾಯಿಯ ಸುತ್ತ ದಿಬ್ಬ ಮಾಡಿ ಬಿಡುತ್ತಾರೆ. ಮಳೆಯ ನೀರು ಕೊಚ್ಚಿಕೊಂಡು ಒಳಗೆ ನುಗ್ಗದಿರಲಿ ಅಂತ. ವಿಮಾನದಿಂದ ನೋಡಿದರೆ ಮರುಭೂಮಿಯಲ್ಲಿ ಇರುವೆಗೂಡುಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ ಕಾಣುತ್ತದೆ.

ಇರಾನಿನಲ್ಲಿ ಇದನ್ನು ಕನಾತ್ ಅನ್ನುತ್ತಾರೆ. ಅಫ್ಘಾನಿಸ್ತಾನದಲ್ಲಿ, ಬೀದರಿನಲ್ಲಿ ಕರೇಜ್. ಒಮಾನಿನಲ್ಲಿ ಫಲಜ್, ಅಲ್ಜೀರಿಯಾದಲ್ಲಿ ಫಗಾರಾ, ಮೊರಾಕ್ಕೊದಲ್ಲಿ ಖೆತ್ತಾರಾ.

ಇಷ್ಟು ಕಷ್ಟ ಯಾಕೆ? ನದಿಯಿಂದ ಕಾಲುವೆ ತೆಗೆದರೆ ಸಾಕಿತ್ತಲ್ವಾ?

ವರ್ಷಪೂರ್ತಿ ಹರಿಯುವ ನದಿ ಇದ್ದಿದ್ದರೆ ಸಾಕಿತ್ತು. ಇರಾನಿನ ನಡುನಾಡಿನಲ್ಲಿ ಅಂಥ ನದಿ ಅಪರೂಪ. ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ, ಕರಗುತ್ತದೆ, ತಪ್ಪಲಿನ ಜಲ್ಲಿ ಮಣ್ಣಿನಲ್ಲಿ ಇಂಗುತ್ತದೆ. ನೀರು ಇದೆ, ಆದರೆ ನೆಲದಡಿ ಇದೆ. ಊರು, ಹೊಲ ಇರುವುದು ಕೆಳಗಿನ ಬಯಲಿನಲ್ಲಿ. ಅಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ತೆರೆದ ಕಾಲುವೆಯಲ್ಲಿ ಅಷ್ಟು ದೂರ ತಂದರೆ ಬಹಳ ನೀರು ಆವಿಯಾಗಿ ಹೋಗುತ್ತದೆ. ನೆಲದಡಿಯಲ್ಲಿ ಬಂದ ನೀರು ತಣ್ಣಗೆ, ಶುದ್ಧವಾಗಿ ಬರುತ್ತದೆ.

ಇದು ಎಷ್ಟು ಹಳೆಯದು? ಇರಾನಿನವರೇ ಮೊದಲು ಮಾಡಿದ್ದಾ?

ಕಡಿಮೆ ಅಂದರೂ 2500 ವರ್ಷ ಹಳೆಯದು. ಈಶಾನ್ಯ ಇರಾನಿನ ಗೊನಾಬಾದ್ ಊರಿನ ಕನಾತನ್ನು ಕ್ರಿ.ಪೂ. 700–500ರ ನಡುವಿನದು ಅನ್ನುತ್ತಾರೆ. ಈಜಿಪ್ಟಿನ ಖಾರ್ಗಾ ಓಯಸಿಸ್‌ನಲ್ಲಿರುವ ಐನ್ ಮನಾವೀರ್‌ನಲ್ಲಿ ಕ್ರಿ.ಪೂ. 5ನೇ ಶತಮಾನದ, ಪರ್ಷಿಯನ್ನರ ಆಳ್ವಿಕೆ ಕಾಲದ ಕನಾತ್‌ಗಳು ಸಿಕ್ಕಿವೆ. ಜೊತೆಗೆ ಮಡಕೆ ಚೂರುಗಳ ಮೇಲೆ ಬರೆದ ಕರಾರುಗಳೂ ಸಿಕ್ಕಿವೆ. ಅವುಗಳಲ್ಲಿ ಜನ ನೀರಿನ ಪಾಲನ್ನು ಮಾರಿಕೊಂಡ, ಕೊಂಡುಕೊಂಡ ಲೆಕ್ಕ ಇದೆ.

ಮೊದಲು ಎಲ್ಲಿ ಹುಟ್ಟಿತು ಅನ್ನುವುದರ ಬಗ್ಗೆ ಪಂಡಿತರಲ್ಲಿ ಜಗಳ ಇದೆ. ಅಸ್ಸೀರಿಯದ ದೊರೆ ಎರಡನೇ ಸಾರ್ಗಾನ್ ಕ್ರಿ.ಪೂ. 714ರಲ್ಲಿ ಉರಾರ್ಟು ರಾಜ್ಯದ ಮೇಲೆ ದಂಡೆತ್ತಿ ಹೋದಾಗ ಕಂಡ ನೀರಿನ ವ್ಯವಸ್ಥೆ ಕನಾತೇ ಎಂದು ಬಹಳ ಕಾಲ ಬರೆದುಕೊಂಡು ಬಂದರು. ಈಗ ಅದನ್ನು ಒಪ್ಪದವರೂ ಇದ್ದಾರೆ. ಅರಬ್ ಎಮಿರೇಟ್ಸ್‌ನ ಅಲ್ ಐನ್ ಸುತ್ತಮುತ್ತ, ಒಮಾನಿನಲ್ಲಿ ಕಬ್ಬಿಣ ಯುಗದ ಫಲಜ್‌ಗಳು ಅಗೆತದಲ್ಲಿ ಸಿಕ್ಕ ಮೇಲೆ ಚರ್ಚೆ ಇನ್ನೂ ಬಿಸಿಯಾಗಿದೆ. ನನ್ನ ಮಟ್ಟಿಗೆ ಯಾರು ಮೊದಲು ಅನ್ನುವುದು ದೊಡ್ಡ ವಿಷಯ ಅಲ್ಲ. ಇದನ್ನು ಸಾವಿರಾರು ಊರುಗಳ ಬದುಕಾಗಿ ಬೆಳೆಸಿದ್ದು ಇರಾನ್. ಅದರಲ್ಲಿ ಅನುಮಾನ ಇಲ್ಲ.

ಯಂತ್ರ ಇಲ್ಲದ ಕಾಲದಲ್ಲಿ ಅಷ್ಟು ಉದ್ದದ ಸುರಂಗದ ಮಟ್ಟ ಹೇಗೆ ಹಿಡಿದರು?

ಹಗ್ಗದಿಂದ. ಕೇಳಿದರೆ ಬಹಳ ಸರಳ. ಮಾಡಲು ಕೂತರೆ ಎಷ್ಟು ಜಾಣ್ಮೆಯದು ಅಂತ ಗೊತ್ತಾಗುತ್ತದೆ.

ಮೊದಲು ತಪ್ಪಲಿನಲ್ಲಿ ನೀರಿರುವ ಜಾಗ ನೋಡಿ ಪರೀಕ್ಷೆಯ ಬಾವಿ ತೋಡುತ್ತಾರೆ. ನೀರು ಸಿಕ್ಕು, ಅದು ಎಷ್ಟು ಜಿನುಗುತ್ತದೆ ಎಂದು ಕೆಲವು ದಿನ ನೋಡುತ್ತಾರೆ. ಸಮಾಧಾನವಾದರೆ ಅದೇ ತಾಯಿಬಾವಿ. ಈಗ ಉದ್ದನೆಯ ಹಗ್ಗವನ್ನು ನೀರು ಮುಟ್ಟುವವರೆಗೆ ಇಳಿಬಿಟ್ಟು, ಬಾವಿಯ ಅಂಚಿನ ಮಟ್ಟಕ್ಕೆ ಗುರುತು ಮಾಡುತ್ತಾರೆ. ಅಲ್ಲಿಂದ ಊರಿನ ಕಡೆ ಒಂದಿಷ್ಟು ದೂರ ಹೋಗಿ ಮುಂದಿನ ಗಾಳಿಬಾವಿಯ ಜಾಗ ಗೊತ್ತು ಮಾಡುತ್ತಾರೆ. ಎರಡು ಜಾಗಗಳ ನಡುವೆ ನೆಲ ಎಷ್ಟು ತಗ್ಗಿದೆ ಎಂದು ಮಟ್ಟಗೋಲಿನಿಂದ ಅಳೆದು, ಅಷ್ಟನ್ನು ಹಗ್ಗದ ಮೇಲೆ ಗುರುತಿಸುತ್ತಾರೆ. ಹಗ್ಗದಲ್ಲಿ ಉಳಿದದ್ದು ಆ ಬಾವಿಯ ಆಳ. ಹೀಗೇ ಮುಂದಿನದು, ಅದರ ಮುಂದಿನದು. ಗುರುತು ಹಾಕುತ್ತಾ ಹಾಕುತ್ತಾ ಹಗ್ಗ ಮುಗಿದುಹೋಗುವ ಜಾಗದಲ್ಲಿ ನೆಲದ ಮಟ್ಟವೂ ತಾಯಿಬಾವಿಯ ನೀರಿನ ಮಟ್ಟವೂ ಒಂದೇ. ಅದರಿಂದ ಸ್ವಲ್ಪ ತಗ್ಗಿನಲ್ಲಿ ಕನಾತಿನ ಬಾಯಿ. ಆ ತಗ್ಗನ್ನು ಎಲ್ಲಾ ಬಾವಿಗಳ ಆಳಕ್ಕೂ ಸಮನಾಗಿ ಹಂಚಿದರೆ ಸುರಂಗಕ್ಕೆ ಬೇಕಾದ ಇಳಿಜಾರು ಸಿಕ್ಕಿತು.

ಸುರಂಗವನ್ನು ತಾಯಿಬಾವಿಯ ಕಡೆಯಿಂದ ಶುರು ಮಾಡುವುದಿಲ್ಲ. ಬಾಯಿಯ ಕಡೆಯಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ತೋಡಿಕೊಂಡು ಹೋಗುತ್ತಾರೆ. ಮೇಲಿನಿಂದ ಶುರು ಮಾಡಿದರೆ ನೀರು ತುಂಬಿ ಕೆಲಸಗಾರ ಮುಳುಗುತ್ತಾನೆ. ಕೆಳಗಿನಿಂದ ಹೋದರೆ ಸಿಕ್ಕ ನೀರು ಬೆನ್ನ ಹಿಂದೆ ಹರಿದು ಹೋಗುತ್ತಿರುತ್ತದೆ.

ದಿಕ್ಕು ತಪ್ಪದಿರಲು ಎಣ್ಣೆದೀಪ. ಹಿಂದೆ ಎರಡು ದೀಪ ಇಟ್ಟು, ಎರಡೂ ಒಂದೇ ಗೆರೆಯಲ್ಲಿ ಕಾಣುವಂತೆ ನೋಡಿಕೊಂಡು ಅಗೆಯುತ್ತಿದ್ದರು. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂದು ಅರ್ಥ, ಕೂಡಲೇ ಹೊರಗೆ. ಹಳೆಯ ಸುರಂಗಗಳ ಗೋಡೆಯಲ್ಲಿ ದೀಪ ಇಡುತ್ತಿದ್ದ ಪುಟ್ಟ ಗೂಡುಗಳು ಇನ್ನೂ ಇವೆ. ಅಂಥ ಗೂಡಿನ ಪಕ್ಕದಲ್ಲೇ ಪಿಕಾಸಿಯ ಏಟಿನ ಗೆರೆಗಳು ಕಾಣುತ್ತವೆ.

1017ರ ಹೊತ್ತಿಗೆ ಗಣಿತಜ್ಞ ಅಲ್ ಕರಾಜಿ ಅಡಗಿದ ನೀರನ್ನು ಹೊರತೆಗೆಯುವ ಬಗ್ಗೆ ಒಂದು ಕೈಪಿಡಿಯನ್ನೇ ಬರೆದ. ಮಟ್ಟ ಅಳೆಯುವ ಉಪಕರಣಗಳನ್ನು ಅದರಲ್ಲಿ ವಿವರವಾಗಿ ಹೇಳಿದ್ದಾನೆ.

ಇಳಿಜಾರು ಎಷ್ಟಿರಬೇಕು?

ಸಾಮಾನ್ಯವಾಗಿ ಸಾವಿರ ಮೀಟರಿಗೆ ಒಂದು ಮೀಟರ್ ಇಳಿತ. ಉದ್ದದ ಕನಾತ್‌ಗಳಲ್ಲಿ ಇನ್ನೂ ಕಡಿಮೆ. ಜಾಸ್ತಿಯಾದರೆ ನೀರು ರಭಸದಿಂದ ಹರಿದು ತಳ ಕೊರೆಯುತ್ತದೆ, ಗೋಡೆ ಕುಸಿಯುತ್ತದೆ. ತೀರಾ ಕಡಿಮೆಯಾದರೆ ಹೂಳು ನಿಲ್ಲುತ್ತದೆ.

ಇದನ್ನು ತೋಡುತ್ತಿದ್ದವರು ಯಾರು?

ಮುಕನ್ನಿಗಳು. ತಂದೆಯಿಂದ ಮಗನಿಗೆ ಬರುತ್ತಿದ್ದ ಕಸುಬು. ಯಜ್ದ್ ಕಡೆಯ ಮುಕನ್ನಿಗಳಿಗೆ ಇರಾನಿನಲ್ಲೆಲ್ಲ ಹೆಸರಿತ್ತು. ಒಬ್ಬ ಒಳಗೆ ಕುಕ್ಕರುಗಾಲಲ್ಲಿ ಕೂತು ಅಗೆಯುತ್ತಾನೆ. ಇನ್ನೊಬ್ಬ ಮಣ್ಣನ್ನು ಚರ್ಮದ ಚೀಲಕ್ಕೆ ತುಂಬಿ ಬಾವಿಯ ತಳಕ್ಕೆ ಎಳೆದು ತರುತ್ತಾನೆ. ಮೇಲೆ ಇಬ್ಬರು ರಾಟೆ ತಿರುಗಿಸಿ ಎತ್ತುತ್ತಾರೆ.

ಜೀವಕ್ಕೆ ಗ್ಯಾರಂಟಿ ಇರಲಿಲ್ಲ. ಮೇಲಿನ ಮಣ್ಣು ಕುಸಿಯಬಹುದು, ತುಂಬಿದ ಹಳೆ ಬಾವಿ ಒಮ್ಮೆಲೇ ಒಡೆದು ನೀರು ನುಗ್ಗಬಹುದು, ಉಸಿರುಗಟ್ಟಬಹುದು. ಮುಕನ್ನಿಗಳೇ ಕನಾತನ್ನು ಕೊಲೆಗಾರ ಅನ್ನುತ್ತಿದ್ದರಂತೆ. ಬಿಳಿ ಬಟ್ಟೆ ತೊಟ್ಟು, ಪ್ರಾರ್ಥನೆ ಮಾಡಿಯೇ ಇಳಿಯುತ್ತಿದ್ದರು. ಮನಸ್ಸಿಗೆ ಸರಿ ಅನಿಸದ ದಿನ ಇಳಿಯುತ್ತಲೇ ಇರಲಿಲ್ಲ, ಯಾರೂ ಬಲವಂತ ಮಾಡುತ್ತಿರಲಿಲ್ಲ. ಕನಾತಿನ ಬಗ್ಗೆ ಮಾತಾಡುವಾಗ ರಾಜರ ಹೆಸರು ಬರುತ್ತದೆ, ಇವರ ಹೆಸರು ಬರುವುದೇ ಇಲ್ಲ. ನನಗೆ ಇದು ಸದಾ ಚುಚ್ಚುವ ವಿಷಯ.

ಇಷ್ಟು ಖರ್ಚಿನ ಕೆಲಸಕ್ಕೆ ದುಡ್ಡು ಯಾರು ಹಾಕುತ್ತಿದ್ದರು?

ಜಮೀನುದಾರರು, ವ್ಯಾಪಾರಿಗಳು, ಕೆಲವು ಕಡೆ ಊರವರೇ ಸೇರಿ. ಧರ್ಮಕ್ಕೆಂದು ಮಾಡಿಸಿ ಬಿಟ್ಟುಕೊಟ್ಟವರೂ ಇದ್ದರು. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಒಂದು ಚೆಂದದ ಸಂಗತಿ ಬರೆದಿದ್ದಾನೆ. ನೀರಿಲ್ಲದ ನೆಲಕ್ಕೆ ನೀರು ತಂದವರಿಗೆ ಆ ನೆಲವನ್ನು ಐದು ತಲೆಮಾರು ಉಣ್ಣುವ ಹಕ್ಕನ್ನು ಪರ್ಷಿಯದ ಅರಸರು ಕೊಟ್ಟಿದ್ದರಂತೆ. ಹಾಗಾಗಿ ಜನ ಖರ್ಚಿಗೂ ದುಡಿಮೆಗೂ ಹಿಂಜರಿಯದೆ ದೂರದಿಂದ ನೆಲದಡಿಯ ಕಾಲುವೆ ತಂದರು ಅನ್ನುತ್ತಾನೆ. ಇವತ್ತು ತೋಡಿದರೆ ಮೊಮ್ಮಗನ ಮೊಮ್ಮಗ ಉಣ್ಣುತ್ತಾನೆ ಅನ್ನುವ ಭರವಸೆ ಸಣ್ಣದಲ್ಲ.

ಅದೇ ಪಾಲಿಬಿಯಸ್ ಇನ್ನೊಂದನ್ನೂ ಹೇಳುತ್ತಾನೆ. ಕ್ರಿ.ಪೂ. 209ರಲ್ಲಿ ಮೂರನೇ ಆಂಟಿಯೋಕಸ್ ಪಾರ್ಥಿಯದ ಮೇಲೆ ದಂಡೆತ್ತಿ ಬಂದಾಗ, ಪಾರ್ಥಿಯದ ದೊರೆ ಅರ್ಸಾಕಿಸ್ ಆ ದಾರಿಯ ಬಾವಿಗಳನ್ನು ಮುಚ್ಚಿಸಲು ಹೊರಟ. ಸೈನ್ಯಕ್ಕೆ ನೀರು ಸಿಗದಿರಲಿ ಅಂತ. ಆಗಲೂ ಆ ಬಾವಿಗಳ ಮೂಲ ಎಲ್ಲಿದೆ ಎಂದು ಬಳಸುವವರಿಗೇ ಗೊತ್ತಿರಲಿಲ್ಲವಂತೆ.

ನೀರು ಹೇಗೆ ಹಂಚಿಕೊಳ್ಳುತ್ತಿದ್ದರು? ಜಗಳ ಆಗ್ತಿರಲಿಲ್ವಾ?

ಜಗಳ ಆಗದಿರಲಿ ಅಂತಲೇ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿದರು. ಕನಾತಿನ ನೀರು ಹಗಲೂ ರಾತ್ರಿ ಒಂದೇ ಸಮ ಬರುತ್ತದೆ. ಆದ್ದರಿಂದ ಇಂತಿಷ್ಟು ಹೊತ್ತು ನಿನ್ನ ಹೊಲಕ್ಕೆ, ಆಮೇಲೆ ಅವನ ಹೊಲಕ್ಕೆ. ಇದನ್ನು ನೋಡಿಕೊಳ್ಳಲು ಮೀರಾಬ್ ಎಂಬ ಮುಖ್ಯಸ್ಥ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆಯೇ.

ಗಡಿಯಾರ ಇಲ್ಲದ ಕಾಲದಲ್ಲಿ ಹೊತ್ತು ಅಳೆದದ್ದು ಬಟ್ಟಲಿನಿಂದ. ದೊಡ್ಡ ಪಾತ್ರೆಯ ತುಂಬ ನೀರು. ಅದರ ಮೇಲೆ ತೇಲುವ ತಾಮ್ರದ ಪುಟ್ಟ ಬಟ್ಟಲು. ಬಟ್ಟಲಿನ ತಳದಲ್ಲಿ ಸೂಜಿ ಮೊನೆಯಷ್ಟು ತೂತು. ನೀರು ನಿಧಾನಕ್ಕೆ ಮೇಲೇರಿ ತುಂಬಿ, ಬಟ್ಟಲು ತಳ ಸೇರುತ್ತದೆ. ಕಾವಲಿಗೆ ಕೂತವನು ಅದನ್ನೆತ್ತಿ, ಖಾಲಿ ಮಾಡಿ, ಮತ್ತೆ ತೇಲಿಬಿಟ್ಟು, ಒಂದು ಕಲ್ಲುಹರಳು ಪಕ್ಕಕ್ಕಿಡುತ್ತಾನೆ. ಹೀಗೆ ಹಗಲು, ರಾತ್ರಿ. ಕಣ್ಣು ಮುಚ್ಚಿದರೆ ಯಾರದೋ ಹೊಲಕ್ಕೆ ಅನ್ಯಾಯ. ಗೊನಾಬಾದ್ ಸೀಮೆಯಲ್ಲಿ ಈ ಬಟ್ಟಲಿನ ಲೆಕ್ಕ ಕಳೆದ ಶತಮಾನದವರೆಗೂ ನಡೆದಿತ್ತು. ಒಮಾನಿನಲ್ಲಿ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಿಸುತ್ತಿದ್ದರು.

ಪಕ್ಕದವರು ಹೊಸ ಕನಾತ್ ತೋಡಿ ನಮ್ಮ ನೀರು ಎಳೆದುಕೊಂಡರೆ ಏನು ಮಾಡುವುದು? ಅದಕ್ಕೂ ನಿಯಮ ಬಂತು. 9ನೇ ಶತಮಾನದಲ್ಲಿ ಖುರಾಸಾನ್ ಪ್ರಾಂತ್ಯ ಆಳುತ್ತಿದ್ದ ಅಬ್ದುಲ್ಲಾ ಇಬ್ನ್ ತಾಹಿರ್, ಈ ವ್ಯಾಜ್ಯಗಳು ಮುಗಿಯದಿದ್ದಾಗ ಧರ್ಮಶಾಸ್ತ್ರ ಬಲ್ಲವರನ್ನು ಸೇರಿಸಿ ಕನಾತಿನ ಕಾನೂನುಗಳ ಪುಸ್ತಕ ಬರೆಸಿದ. ಪ್ರತಿ ಕನಾತಿನ ಸುತ್ತ ಬೇರೆಯವರು ಅಗೆಯಬಾರದ ಗಡಿ ಇರಬೇಕು ಅನ್ನುವುದು ಆ ಸಂಪ್ರದಾಯದ ತಿರುಳು. ಉಳಿಸುವ ಮಾತು ಬಂದಾಗ ಈ ಗಡಿಯನ್ನು ನೆನಪಿಡಬೇಕು.

ಎಲ್ಲಕ್ಕಿಂತ ದೊಡ್ಡದು ಯಾವುದು?

ಉದ್ದಕ್ಕೆ ಯಜ್ದ್‌ನ ಜಾರ್ಚ್ ಕನಾತ್, 70 ಕಿ.ಮೀ.ಗೂ ಜಾಸ್ತಿ. ಅದು ಊರಿನ ಜಾಮಿಯಾ ಮಸೀದಿಯ ಅಡಿಯಲ್ಲೇ ಹಾದುಹೋಗುತ್ತದೆ, ಮೆಟ್ಟಿಲಿಳಿದು ನೀರು ಮುಟ್ಟಬಹುದಿತ್ತು. ಆಳಕ್ಕೆ ಗೊನಾಬಾದ್. ಸುಮಾರು 33 ಕಿ.ಮೀ. ಉದ್ದ, 400ಕ್ಕೂ ಹೆಚ್ಚು ಬಾವಿಗಳು, ತಾಯಿಬಾವಿಯ ಆಳ 300 ಮೀಟರಿನ ಆಸುಪಾಸು. ಅರ್ದೆಸ್ತಾನ್‌ನಲ್ಲಿ ಒಂದರ ಮೇಲೊಂದು ಎರಡು ಅಂತಸ್ತಿನ ಕನಾತ್ ಇದೆ. ಬಾವಿಗಳು ಎರಡಕ್ಕೂ ಒಂದೇ, ನೀರು ಮಾತ್ರ ಬೆರೆಯುವುದಿಲ್ಲ.

ಬೀದರಿಗೆ ಇದು ಹೇಗೆ ಬಂತು?

15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸಾಗಿಸಿದ. ಇರಾನಿನಿಂದ ಸೂಫಿಗಳು, ವ್ಯಾಪಾರಿಗಳು, ಕಸುಬುದಾರರು ಬರುತ್ತಿದ್ದ ಕಾಲ ಅದು. ಅಹ್ಮದ್ ಷಾ ಕಿರ್ಮಾನ್ ಸೀಮೆಯ ಸೂಫಿ ಷಾ ನಿಯಾಮತುಲ್ಲಾರ ಭಕ್ತ. ಇರಾನಿನ ಮಹಾನ್ ಊರಿನಲ್ಲಿ ಅವರ ಗೋರಿಯನ್ನು 1436ರಲ್ಲಿ ಕಟ್ಟಿಸಿದ್ದು ಇದೇ ಬೀದರಿನ ಸುಲ್ತಾನನ ಹಣ. ಆ ಮಹಾನ್‌ಗೆ ಹತ್ತಿರದ ಜೂಪಾರ್‌ನಲ್ಲಿರುವ ಗೌಹರ್‌ರೀಜ್ ಕನಾತ್ ಇಂದು ಯುನೆಸ್ಕೊ ಪಟ್ಟಿಯಲ್ಲಿದೆ. ಇಂಥ ಸಂಬಂಧ ಇದ್ದಾಗ ವಿದ್ಯೆ ಇಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ನೆಲವೂ ಒಗ್ಗಿತು. ಬೀದರಿನ ಎತ್ತರದ ಬಯಲಿನ ಮೇಲ್ಪದರ ಜಂಬಿಟ್ಟಿಗೆ ಕಲ್ಲು, ಅಡಿಯಲ್ಲಿ ಗಟ್ಟಿ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು, ಕರಿಕಲ್ಲು ಅಡ್ಡ ಬಂದಾಗ ಪಕ್ಕಕ್ಕೆ ಒಸರುತ್ತದೆ. ಗುರುನಾನಕ್ ಝಿರಾದ ನೀರು, ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು ಇವೆಲ್ಲ ಬೀದರಿನ ಇಂಥ ಒಸರುಗಳೇ. ಜಂಬಿಟ್ಟಿಗೆಯನ್ನು ಅಗೆಯುವುದು ಸುಲಭ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಸುರಂಗಕ್ಕೆ ಇದಕ್ಕಿಂತ ಬೇಕೇ?

ಬೀದರಿನಲ್ಲಿ ಹೆಸರಾದದ್ದು ನೌಬಾದ್‌ನ ಕರೇಜ್. ಜಮ್ನಾ ಮೋರಿ, ಶುಕ್ಲತೀರ್ಥದ ಕಡೆಯೂ ಇವೆ.

ವಿಜಯಪುರದ ಸುರಂಗ ಬಾವಿಯೂ ಇದೇನಾ?

ನೆಂಟ ಅನ್ನಬಹುದು. ಆದಿಲ್‌ಶಾಹಿಗಳು 16ನೇ ಶತಮಾನದಲ್ಲಿ ತೊರವಿ ಕಡೆಯಿಂದ ನೆಲದಡಿ ನೀರು ತಂದರು. ಸುರಂಗದ ಜೊತೆಗೆ ಮಣ್ಣಿನ ಕೊಳವೆಗಳು, ಒತ್ತಡ ಇಳಿಸಲು ಕಟ್ಟಿದ ಗೋಪುರಗಳು ಸೇರಿ ಅದು ನಗರಕ್ಕೆ ನೀರು ಹಂಚುವ ದೊಡ್ಡ ವ್ಯವಸ್ಥೆ ಆಯಿತು. ನಮ್ಮ ರಾಜ್ಯದ ಆಚೆ, ಬುರ್ಹಾನ್‌ಪುರದಲ್ಲಿ 1615ರ ಸುಮಾರಿಗೆ ಮೊಘಲರ ಕಾಲದಲ್ಲಿ ತೋಡಿದ ಕುಂಡಿ ಭಂಡಾರ ಬೀದರಿನದಕ್ಕೆ ಹೆಚ್ಚು ಹತ್ತಿರ.

ಕಾಸರಗೋಡು, ದಕ್ಷಿಣ ಕನ್ನಡದ ಸುರಂಗಗಳು?

ಅವು ಬೇರೆ ಜಾತಿ. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ತೋಡಿದ, ಒಬ್ಬ ಮನುಷ್ಯ ನಡೆದುಹೋಗುವಷ್ಟು ಕಿರಿದಾದ ಸುರಂಗ. ಹೆಚ್ಚಿನವಕ್ಕೆ ಗಾಳಿಬಾವಿಗಳ ಸಾಲು ಇಲ್ಲ. ತಾಯಿಬಾವಿಯೂ ಇಲ್ಲ. ಕೊನೆಯಲ್ಲಿ ಜಿನುಗುವ ನೀರು ಹೊರಗೆ ಮಣ್ಣಿನ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಅಡಿಕೆ ತೋಟಕ್ಕೆ. ಕನಾತ್ ಊರಿನದು, ಇದು ಮನೆಯದು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಒಂದಾದ ಮೇಲೊಂದು ಸುರಂಗ ತೋಡಿದರು. ನೀರು ಸಿಗದೆ ಹೋದರೂ ಬಿಡಲಿಲ್ಲ. ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುಕನ್ನಿಗಳ ಬಗ್ಗೆ ಓದುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಎರಡು ಸಾವಿರ ವರ್ಷ ನಡೆದದ್ದು ಈಗ ಯಾಕೆ ಒಣಗುತ್ತಿದೆ?

ಮುಖ್ಯ ಕಾರಣ ಕೊಳವೆಬಾವಿ. ಕನಾತ್ ಅಂತರ್ಜಲದ ಮೇಲ್ಮಟ್ಟದ ನೀರನ್ನು ಮಾತ್ರ ಪಡೆಯುತ್ತದೆ. ಮಟ್ಟ ಇಳಿದರೆ ಅದರ ನೀರೂ ಇಳಿಯುತ್ತದೆ. ನೆಲ ಕೊಟ್ಟಷ್ಟೇ ತೆಗೆದುಕೊಳ್ಳುವ ವ್ಯವಸ್ಥೆ ಇದು. ಮೋಟಾರಿಗೆ ಆ ಮಿತಿ ಇಲ್ಲ. ಪಕ್ಕದಲ್ಲಿ ಆಳದ ಬೋರ್‌ವೆಲ್ ಬಂದು ನೀರಿನ ಮಟ್ಟ ಸುರಂಗಕ್ಕಿಂತ ಕೆಳಗೆ ಹೋಯಿತೋ, ಕನಾತ್ ನಿಂತಿತು. 1960ರ ದಶಕದಲ್ಲಿ ಇರಾನಿನಲ್ಲಿ ಸುಮಾರು 22 ಸಾವಿರ ಕನಾತ್‌ಗಳು ದೇಶದ ಬಳಕೆಯ ಮುಕ್ಕಾಲು ಪಾಲು ನೀರು ಕೊಡುತ್ತಿದ್ದವು ಎಂಬ ಅಂದಾಜಿತ್ತು. ಅದೇ ದಶಕದಲ್ಲಿ ಆಳದ ಬಾವಿಗಳು ಹೆಚ್ಚಿದವು. ಇವತ್ತು ಟೆಹರಾನ್ ಸುತ್ತಲಿನ ಬಯಲಿನಲ್ಲಿ ಅಂತರ್ಜಲ ಬರಿದಾಗಿ ನೆಲವೇ ಕುಸಿಯುತ್ತಿದೆ. ಕೆಲವು ಕಡೆ ವರ್ಷಕ್ಕೆ 25 ಸೆಂ.ಮೀ. ವರೆಗೂ ತಗ್ಗಿದ್ದನ್ನು ಉಪಗ್ರಹಗಳು ಅಳೆದಿವೆ.

ಎರಡನೇ ಕಾರಣ ಭೂಸುಧಾರಣೆ. 1962ರ ಆಚೆ ಇರಾನಿನಲ್ಲಿ ದೊಡ್ಡ ಜಮೀನುದಾರಿ ಹೋಯಿತು. ರೈತರಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ಆದರೆ ಪ್ರತಿವರ್ಷ ಹೂಳು ತೆಗೆಸುತ್ತಿದ್ದ ಕೈ ಹೋಯಿತು, ಆ ಜಾಗಕ್ಕೆ ಬೇರೆ ಏರ್ಪಾಡು ಎಲ್ಲ ಕಡೆ ಬರಲಿಲ್ಲ.

ಬರ, ಯುದ್ಧ, ಭೂಕಂಪ ಇವೂ ಸೇರಿವೆ. 2003ರ ಡಿಸೆಂಬರಿನಲ್ಲಿ ಬಾಮ್ ಊರಿನ ಭೂಕಂಪದಲ್ಲಿ ಕೋಟೆಯ ಜೊತೆ ಹಲವು ಕನಾತ್‌ಗಳೂ ಕುಸಿದವು. ಇರಾಕಿನ ಕುರ್ದಿಸ್ತಾನದಲ್ಲಿ ಯುನೆಸ್ಕೊ ನಡೆಸಿದ ಸಮೀಕ್ಷೆಯಲ್ಲಿ 683 ಕರೇಜ್ ಲೆಕ್ಕಕ್ಕೆ ಸಿಕ್ಕವು. 2009ರಲ್ಲಿ ನೀರು ಹರಿಯುತ್ತಿದ್ದುದು 116ರಲ್ಲಿ ಮಾತ್ರ. ನೀರು ನಿಂತ ಹಳ್ಳಿಗಳಿಂದ ಜನ ಗುಳೆ ಹೋದರು.

ಯುನೆಸ್ಕೊ ಪಟ್ಟಿಗೆ ಸೇರಿದರೆ ಉಳಿದ ಹಾಗಲ್ಲವೇ?

ಸಹಾಯ ಆಗುತ್ತದೆ. ಒಮಾನಿನ ಐದು ಫಲಜ್‌ಗಳು 2006ರಲ್ಲಿ, ಇರಾನಿನ ಹನ್ನೊಂದು ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಯಜ್ದ್‌ನಲ್ಲಿ ಯುನೆಸ್ಕೊ ಬೆಂಬಲದ ಅಂತರರಾಷ್ಟ್ರೀಯ ಕನಾತ್ ಕೇಂದ್ರ ಇದೆ, ಒಂದು ಜಲ ಮ್ಯೂಸಿಯಂ ಕೂಡ ಇದೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಎಚ್ಚರಿಕೆಯ ಪಟ್ಟಿಗೆ 2014ರಲ್ಲಿ ಬೀದರ್ ನಗರವನ್ನೂ 2020ರಲ್ಲಿ ವಿಜಯಪುರದ ಸುರಂಗ ಬಾವಿಯನ್ನೂ ಸೇರಿಸಿತು.

ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಗುಡಿ, ಗೋಪುರ ಕಾಯುವ ಕ್ರಮದಲ್ಲಿ ಕನಾತ್ ಕಾಯಲು ಆಗುವುದಿಲ್ಲ. ಗುಡಿಗೆ ಬೇಲಿ ಹಾಕಿ, ಕಾವಲುಗಾರನನ್ನು ಇಟ್ಟರೆ ತಕ್ಕಮಟ್ಟಿಗೆ ಸಾಕು. ಕನಾತಿನ ಬಾಯಿಗೆ ಬೇಲಿ ಹಾಕಿ, 20 ಕಿ.ಮೀ. ಆಚೆ ತಾಯಿಬಾವಿ ಪಕ್ಕ ಬೋರ್ ಕೊರೆಯಲು ಬಿಟ್ಟರೆ ಏನು ಉಳಿಯಿತು? ಕಾಯಬೇಕಾದದ್ದು ನೀರು ಇಂಗುವ ತಪ್ಪಲು, ಉದ್ದಕ್ಕೂ ಇರುವ ಗಾಳಿಬಾವಿಗಳು, ಹೂಳು ತೆಗೆಯುವ ಕಸುಬು, ನೀರು ಬಳಸುವ ಊರು. ಇವುಗಳಲ್ಲಿ ಒಂದು ಕೈಬಿಟ್ಟರೂ ಉಳಿದದ್ದು ಕೆಡುತ್ತದೆ. ಅಬ್ದುಲ್ಲಾ ಇಬ್ನ್ ತಾಹಿರನ ಕಾಲದವರಿಗೆ ಗೊತ್ತಿದ್ದ ಆ ಗಡಿಯ ವಿಚಾರವನ್ನು ಇಂದಿನ ಕಾನೂನುಗಳು ಪೂರ್ತಿ ಒಳಗೊಂಡಿಲ್ಲ. ನಮ್ಮಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀ. ನಿಷೇಧಿತ, ಅದರಾಚೆ 200 ಮೀ. ನಿಯಂತ್ರಿತ ಪ್ರದೇಶ. ಕಿಲೋಮೀಟರುಗಟ್ಟಲೆ ನೆಲದಡಿ ಹರಿಯುವ ವಸ್ತುವಿಗೆ ಈ ಅಳತೆ ಹೊಂದುವುದಿಲ್ಲ.

ದುರಸ್ತಿ ಹೇಗೆ? ಸಿಮೆಂಟ್ ಹಾಕಿದರೆ ಗಟ್ಟಿಯಾಗುತ್ತಲ್ವಾ?

ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಕನಾತಿನಲ್ಲಿ ಎರಡು ಭಾಗ. ತಾಯಿಬಾವಿ ಕಡೆಯದು ಒದ್ದೆ ಭಾಗ. ಅಲ್ಲಿ ಗೋಡೆ, ತಳದಿಂದ ನೀರು ಜಿನುಗಿ ಸುರಂಗಕ್ಕೆ ಸೇರುತ್ತದೆ. ಬಾಯಿ ಕಡೆಯದು ಒಣ ಭಾಗ, ನೀರು ಸುಮ್ಮನೆ ಸಾಗಿಬರುವ ಜಾಗ. ಒಣ ಭಾಗದ ತಳಕ್ಕೆ ಗಾರೆ ಮಾಡಿದರೆ ನೀರು ಸೋರುವುದು ತಪ್ಪುತ್ತದೆ. ಒದ್ದೆ ಭಾಗಕ್ಕೆ ಗಾರೆ ಬಳಿದರೆ ನೀರಿನ ಕಣ್ಣನ್ನೇ ಮುಚ್ಚಿದ ಹಾಗೆ. ಒಳ್ಳೆಯ ಮನಸ್ಸಿನಿಂದ ಮಾಡುವ ದುರಸ್ತಿಯೂ ಹೀಗೆ ಕೊಲ್ಲಬಹುದು. ಆದ್ದರಿಂದ ಯಾವುದು ಯಾವ ಭಾಗ ಎಂದು ಗುರುತಿಸುವುದು ಮೊದಲ ಕೆಲಸ.

ಮಣ್ಣು ಸಡಿಲ ಇರುವಲ್ಲಿ ಮುಕನ್ನಿಗಳು ಸುಟ್ಟ ಮಣ್ಣಿನ ಮೊಟ್ಟೆಯಾಕಾರದ ಬಳೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಕುಸಿತ ತಡೆಯುತ್ತಿದ್ದರು. ಈಗ ಕಾಂಕ್ರೀಟ್ ಬಳೆಗಳೂ ಬಂದಿವೆ.

ಉಳಿದಂತೆ ದುರಸ್ತಿ ಅಂದರೆ ಬಹುಪಾಲು ಹೂಳೆತ್ತುವುದು. ಮತ್ತೆ ಮತ್ತೆ ಎತ್ತುವುದು. ಒಂದು ಸಲ ದೊಡ್ಡ ಹಣ ಸುರಿದು ಉದ್ಘಾಟನೆ ಮಾಡಿ ಹತ್ತು ವರ್ಷ ಬಿಟ್ಟರೆ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಸಿರಿಯಾದ ಅಲೆಪ್ಪೊ ಸೀಮೆಯ ಶಲ್ಲಾಲಾ ಸಘೀರಾ ಹಳ್ಳಿಯಲ್ಲಿ 2000ನೇ ಇಸವಿಯಲ್ಲಿ ಊರ ಹುಡುಗರೇ ಇಳಿದು ಕನಾತ್ ಹೂಳೆತ್ತಿದರು. ನೀರು ಯಾರಿಗೆ ಬೇಕೋ ಅವರೇ ಕೆಲಸಕ್ಕೆ ನಿಂತದ್ದು ನನಗೆ ಅಲ್ಲಿ ಮುಖ್ಯವಾಗಿ ಕಾಣುತ್ತದೆ. ಬೀದರಿನಲ್ಲೂ 2015ರ ಸುಮಾರಿಗೆ ನೌಬಾದ್ ಕರೇಜಿನ ಹೂಳು ತೆಗೆಯುವ ಕೆಲಸ ನಡೆಯಿತು. ಮುಚ್ಚಿಹೋಗಿದ್ದ ಗಾಳಿಬಾವಿಗಳು ಬೆಳಕಿಗೆ ಬಂದವು, ಒಳಗೆ ನೀರು ಕಂಡಿತು.

ಕನಾತ್‌ನಿಂದ ಇವತ್ತಿನ ಊರುಗಳಿಗೆ ನೀರು ಸಾಕಾಗುತ್ತಾ?

ದೊಡ್ಡ ನಗರಕ್ಕೆ ಸಾಕಾಗುವುದಿಲ್ಲ. ಕನಾತಿಗೆ ಕೊರತೆಗಳೂ ಇವೆ. ನಲ್ಲಿ ತಿರುಗಿಸಿ ನಿಲ್ಲಿಸಲು ಆಗುವುದಿಲ್ಲ. ಬೆಳೆ ಇಲ್ಲದ ಚಳಿಗಾಲದಲ್ಲೂ ಹರಿಯುತ್ತಲೇ ಇರುತ್ತದೆ. ಇರಾನಿನ ವಜ್ವಾನ್‌ನಲ್ಲಿ ಇದಕ್ಕೊಂದು ಉಪಾಯ ಮಾಡಿ, ಸುರಂಗದೊಳಗೇ ತಡೆ ಕಟ್ಟಿ ಚಳಿಗಾಲದ ನೀರನ್ನು ನೆಲದಲ್ಲೇ ಹಿಡಿದಿಡುತ್ತಾರೆ. ಆದರೆ ಅಂಥವು ಕಡಿಮೆ. ಸಣ್ಣ ಊರಿನ ತೋಟಕ್ಕೆ, ಕುಡಿಯುವ ನೀರಿಗೆ ಕರೆಂಟು ಬಿಲ್ಲಿಲ್ಲದೆ ಬರುವ ನೀರು ಎಂದರೆ ಅದರ ಬೆಲೆ ಕಡಿಮೆಯೇನಲ್ಲ.

ನೀರೇ ನಿಂತುಹೋದ ಕನಾತನ್ನು ಉಳಿಸಿ ಏನು ಪ್ರಯೋಜನ?

ಅದು ಅಂತರ್ಜಲದ ಹಳೆಯ ಲೆಕ್ಕ. ಯಾವ ಕಾಲದಲ್ಲಿ ನೀರು ಎಷ್ಟು ಮೇಲಿತ್ತು ಎಂದು ಸುರಂಗದ ಮಟ್ಟವೇ ಹೇಳುತ್ತದೆ. ನೀರು ಇಳಿದಂತೆ ತಳ ಅಗೆದು ತಗ್ಗಿಸಿದ್ದರೆ ಆ ಗುರುತೂ ಗೋಡೆಯಲ್ಲಿ ಇರುತ್ತದೆ. ಇನ್ನೊಂದು ವ್ಯವಹಾರದ ಮಾತು. ಮರೆತುಹೋದ ಸುರಂಗದ ಮೇಲೆ ಮನೆ ಕಟ್ಟಿದರೆ ನೆಲ ಕುಸಿಯುವ ಭಯ ಇದೆ. ಇರಾನಿನ ನಗರಗಳಲ್ಲಿ ಇದು ದಿನನಿತ್ಯದ ಚಿಂತೆ. ಕೊನೇಪಕ್ಷ ನಕ್ಷೆಯಲ್ಲಾದರೂ ಉಳಿಯಲಿ.

ಒಳಗೆ ಇಳಿದು ನೋಡಬಹುದಾ?

ಇಲಾಖೆಯವರು ತೆರೆದಿಟ್ಟ ಜಾಗದಲ್ಲಿ, ಬಲ್ಲವರ ಜೊತೆ ಮಾತ್ರ. ಬೇರೆ ಕಡೆ ಖಂಡಿತ ಬೇಡ. ಗಾಳಿ ಕೆಟ್ಟಿದ್ದರೆ ಮೂಗಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಗಾಳಿಬಾವಿಯ ಬಾಯಿಯ ಅಂಚೂ ಸಡಿಲವಾಗಿರುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ.

ನಮ್ಮ ಹೊಲದಲ್ಲಿ, ಬಡಾವಣೆಯಲ್ಲಿ ಇಂಥ ಹಳೆ ಗಾಳಿಬಾವಿಯ ಬಾಯಿ ಕಂಡರೆ ಏನು ಮಾಡಬೇಕು?

ಮುಚ್ಚಬೇಡಿ, ಕಸ ಹಾಕಬೇಡಿ, ಚರಂಡಿ ನೀರು ಬಿಡಬೇಡಿ. ಬೀದರಿನ ಗಾಳಿಬಾವಿಗಳಿಗೆ ಕಸವೇ ದೊಡ್ಡ ಶತ್ರು. ಒಂದು ಬಾವಿಗೆ ಸುರಿದ ಕೊಳಕು ಆ ಸಾಲಿನ ಕೆಳಗಿನ ಎಲ್ಲ ಬಾವಿಗೂ ಹರಿಯುತ್ತದೆ.

ಸುತ್ತಮುತ್ತ ಇನ್ನೂ ಬಾಯಿಗಳಿವೆಯೇ ನೋಡಿ. ಒಂದೇ ಸಾಲಿನಲ್ಲಿ ಎರಡು ಮೂರು ಸಿಕ್ಕರೆ ಅದು ಒಂಟಿ ಬಾವಿ ಅಲ್ಲ. ಮೊಬೈಲಿನಲ್ಲಿ ಪ್ರತಿಯೊಂದರ ಜಾಗ ಗುರುತಿಸಿ, ಫೋಟೊ ತೆಗೆದು, ನೀರು ಕಾಣುತ್ತದೆಯೇ ಬರೆದಿಡಿ. ಊರಿನ ಹಿರಿಯರನ್ನು ಕೇಳಿ. ಹೂಳು ಕೊನೆಯ ಸಲ ಯಾವಾಗ ತೆಗೆದರು, ನೀರು ಎಲ್ಲಿ ಹೊರಬರುತ್ತಿತ್ತು, ಯಾವ ವರ್ಷ ನಿಂತಿತು. ಇವು ಯಾವ ದಾಖಲೆಯಲ್ಲೂ ಸಿಗದ ವಿವರಗಳು. ಇಷ್ಟನ್ನೂ ಒಂದು ಅರ್ಜಿಯ ಜೊತೆ ರಾಜ್ಯದ ಪುರಾತತ್ವ ಇಲಾಖೆಗೆ, ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಪಂಚಾಯ್ತಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಡಾವಣೆ ನಕ್ಷೆ ಮಂಜೂರಾಗುವ ಮೊದಲೇ ಆ ಅರ್ಜಿ ಫೈಲಿನಲ್ಲಿ ಇರುವುದು ಮುಖ್ಯ.